ಹರಕೆ ಇಲ್ಲದ ಓಟ

ಭಗವದ್ಗೀತೆಯ 17ನೆಯ ಅಧ್ಯಾಯ ಈಚೆಗೆ ನನ್ನ ಮೇಲೆಯೇ ಹೊರಿಸಿದ ಆರೋಪಪಟ್ಟಿಯ ಹಾಗೆ ಕಾಣತೊಡಗಿದೆ. ಶಾಸ್ತ್ರದಲ್ಲಿ ಹೇಳಿರದ ಘೋರ ತಪಸ್ಸನ್ನು ಡಂಭದಿಂದ, ಅಹಂಕಾರದಿಂದ ಮಾಡುತ್ತ, ಮೈಯನ್ನೂ ಮೈಯೊಳಗಿರುವ ತನ್ನನ್ನೂ ಸವೆಸುವವರು ಆಸುರ ನಿಶ್ಚಯದವರು ಎನ್ನುತ್ತಾನೆ ಕೃಷ್ಣ. ನನಗೀಗ 48. ವಿಜಯನಗರದ ಪಿಯು ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಖೋಖೋ ಆಡಿಸಿದರೆ, ಯಾರೂ ನನಗೆ ಖೋ ಕೊಡದೆ ಇದ್ದರೆ ಸಾಕಪ್ಪಾ ಎಂದು ಸಾಲಿನಲ್ಲಿ ಕೂತಿರುತ್ತಿದ್ದವಳು. ಅಂಥವಳು ಬೆಂಗಳೂರು ಮ್ಯಾರಥಾನಿಗೆ, ಅದೂ ಅರ್ಧಕ್ಕಲ್ಲ, ಪೂರ್ತಿಗೆ ಹೆಸರು ಕೊಟ್ಟಿದ್ದೇನೆ. ಈಗ ಆರೋಪಗಳನ್ನು ನೋಡಿ. ಶಾಸ್ತ್ರವೆಂದರೆ ನನ್ನ ಪಾಲಿಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ 18 ವಾರಗಳ ಪಟ್ಟಿ. ಡಂಭಕ್ಕೆ ಸಾಕ್ಷಿ ಕೈಗಡಿಯಾರ; ಓಡಿದ್ದು ಒಂದಿಷ್ಟು ದೂರವೇ ಆದರೂ ಅದು ನಮ್ಮ ಗುಂಪಿನವರೆಲ್ಲರ ಫೋನಿಗೂ ಹೋಗಿ ಬೀಳುತ್ತದೆ. ಮೈ ಸವೆಸುತ್ತಿರುವುದಕ್ಕೆ ಕಾಲ ಹೆಬ್ಬೆರಳ ಕಪ್ಪು ಉಗುರೇ ಇದೆ.

ನಮ್ಮ ಅತ್ತೆ ಗೀತೆ ಓದಿದವರಲ್ಲ. ಇಷ್ಟಲಿಂಗದ ಪೂಜೆಯಾಗದೆ ಕಾಫಿಯನ್ನೂ ಮುಟ್ಟದವರು, ಶಿವರಾತ್ರಿಯ ಉಪವಾಸ, ಜಾಗರಣೆಯನ್ನು ಈ ವಯಸ್ಸಿನಲ್ಲೂ ಬಿಡದವರು. ನಾನು ಭಾನುವಾರ ಕುಂಟುತ್ತ ಬಂದು ಮೆಟ್ಟಿಲ ಮೇಲೆ ಕೂತಾಗ ಅವರು ಕೇಳಿದ್ದು ಒಂದೇ ಮಾತು: “ಯಾವ ದೇವರಿಗೆ ಹೊತ್ಕೊಂಡಿದೀಯಮ್ಮ?” ಅದರಲ್ಲಿ ಕುಹಕವಿರಲಿಲ್ಲ. ಹರಕೆಯಿಲ್ಲದೆ ಯಾರೂ ಇಷ್ಟು ಕಷ್ಟ ಪಡುವುದಿಲ್ಲ, ಸೊಸೆ ಏನೋ ಹೊತ್ತಿದ್ದಾಳೆ, ಹೇಳುತ್ತಿಲ್ಲ ಎಂಬುದು ಅವರ ತರ್ಕ. ಯಾವುದಕ್ಕೂ ಅಲ್ಲ ಅತ್ತೆ ಎಂದೆ. ಅವರಿಗೆ ನಿಜವಾಗಿ ಗಾಬರಿಯಾದದ್ದು ಆಗ.

ಅವರ ಗಾಬರಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ದೇವರಿಗೆಂದು ಪಡುವ ಕಷ್ಟಕ್ಕೆ ನಮ್ಮಲ್ಲಿ ಬೇಕಾದಷ್ಟು ಮಾದರಿಗಳಿವೆ: ಉರುಳುಸೇವೆ, ಬರಿಗಾಲಲ್ಲಿ ಮಾದೇಶ್ವರನ ಬೆಟ್ಟ, ಅಯ್ಯಪ್ಪನ ಮಾಲೆಯ 41 ದಿನ. ಹಣಕ್ಕೆ, ಹೊಟ್ಟೆಪಾಡಿಗೆ ಪಡುವ ಕಷ್ಟವೂ ಎಲ್ಲರಿಗೂ ಅರ್ಥವಾಗುತ್ತದೆ. ಎರಡೂ ಅಲ್ಲದೆ, ದುಡ್ಡು ಕೊಟ್ಟು ನಂಬರ್ ಚೀಟಿ ತೆಗೆದುಕೊಂಡು ಪಡುವ ಕಷ್ಟಕ್ಕೆ ಏನೆನ್ನಬೇಕು? ಇದು ತಪಸ್ಸೋ, ತೆವಲೋ?

ಅಳತೆಯ ವಿಷಯದಲ್ಲಿ ಮಾತ್ರ ಅತ್ತೆಗೆ ನನ್ನ ಓಟ ಅಷ್ಟೇನೂ ವಿಚಿತ್ರವೆನಿಸಲಿಲ್ಲ. 42 ಕಿಲೋಮೀಟರ್ ಸರಿ, ಅದೇನು ಮೇಲೊಂದು 195 ಮೀಟರ್ ಎಂದು ಕೇಳಿದರು. ಅದರ ಕಥೆ ಹೇಳಿದೆ. ಮೊದಮೊದಲ ಮ್ಯಾರಥಾನ್‌ಗಳು ಹೆಚ್ಚುಕಡಿಮೆ 40 ಕಿಲೋಮೀಟರಿನವು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಯಬೇಕಿತ್ತು. ಆ ದೂರವೇ 1921ರಲ್ಲಿ ಶಾಶ್ವತವಾಯಿತು. ಅರಮನೆಯವರ ಅನುಕೂಲಕ್ಕೆ ಹುಟ್ಟಿದ ಲೆಕ್ಕಕ್ಕೆ ಇವತ್ತು ಜಗತ್ತಿನ ಮೊಣಕಾಲುಗಳೆಲ್ಲ ತಲೆಬಾಗುತ್ತವೆ. “48 ದಿನ ಮಂಡಲ ಅಂತಾರೆ, 108 ಸುತ್ತು ಅಂತಾರೆ. ಯಾರೋ ಒಬ್ಬರು ಹೇಳಿದ್ದೇ ತಾನೆ, ಒಪ್ಕೊಂಡ ಮೇಲೆ ಮುಗೀತು” ಎಂದರು ಅತ್ತೆ. ಸಂಕಲ್ಪದ ಬಗ್ಗೆ ಇದಕ್ಕಿಂತ ಚೊಕ್ಕವಾದ ವ್ಯಾಖ್ಯಾನವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಸಂಖ್ಯೆಯಲ್ಲಿ ಪಾವಿತ್ರ್ಯವಿಲ್ಲ, ಒಪ್ಪಿಕೊಂಡದ್ದರಲ್ಲಿದೆ.

ಆದರೆ ಯಾರ ಮುಂದೆ ಒಪ್ಪಿಕೊಂಡದ್ದು? ನನ್ನ ಮೈದುನ ಪ್ರತಿ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದುಹೋಗುತ್ತಾನೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್. ನೆಲಮಂಗಲ, ಕುಣಿಗಲ್, ಹಾಸನ ದಾಟಿ, ಮೂಡಿಗೆರೆಯ ಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುವ ದಾರಿ. ಸಾವಿರಾರು ಜನ. ಹಾದಿಯುದ್ದಕ್ಕೂ ಗುರುತಿಲ್ಲದವರು ಮಜ್ಜಿಗೆ, ಹಣ್ಣು, ಊಟ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಅವನ ಅಂಗಾಲಿನ ಬೊಬ್ಬೆಗಳ ಮುಂದೆ ನನ್ನ ಉಗುರು ಏನೇನೂ ಅಲ್ಲ. ಇಬ್ಬರ ಕಷ್ಟವೂ ಒಂದೇ ಅಲ್ಲವೇನೋ ಎಂದು ಕೇಳಿದ್ದಕ್ಕೆ ಅವನು ಒಪ್ಪಲಿಲ್ಲ. “ಇಲ್ಲ ಅತ್ತಿಗೆ. ನಾನು ಅಲ್ಲಿ ಇಳಿಸಿ ಬರ್ತೀನಿ. ನೀವು ವಾಪಸ್ ಮನೆಗೆ ತರ್ತೀರಿ.”

ಅವನ ಮಾತು ಚುಚ್ಚಿತು. ಅವನ ನೋವಿಗೆ ಒಂದು ವಿಳಾಸವಿದೆ, ಅಲ್ಲಿ ಅದನ್ನು ಪಡೆದುಕೊಳ್ಳುವವನೊಬ್ಬನಿದ್ದಾನೆ. ಬರುವಾಗ ಬಸ್ಸಿನಲ್ಲಿ ಸುಖವಾಗಿ ನಿದ್ದೆ ಮಾಡಿಕೊಂಡು ಬರುತ್ತಾನೆ. ಎಷ್ಟು ಗಂಟೆಯಲ್ಲಿ ನಡೆದೆ ಎಂದು ಯಾರೂ ಕೇಳುವುದಿಲ್ಲ. ನನ್ನದು ಸಮಯವಾಗಿ, ಫೋಟೋ ಆಗಿ, ಷೋಕೇಸಿನ ಪದಕವಾಗಿ ನನ್ನ ಹತ್ತಿರವೇ ಉಳಿಯುತ್ತದೆ. ಸತ್ಕಾರಕ್ಕೆ, ಮಾನಕ್ಕೆ, ಪೂಜೆಗೆ ಮಾಡುವ ತಪಸ್ಸು ರಾಜಸ, ಅದು ಚಂಚಲ, ನಿಲ್ಲುವಂಥದ್ದಲ್ಲ ಎಂದು ಅದೇ ಅಧ್ಯಾಯ ಮುಂದೆ ಹೇಳುತ್ತದೆ. ಇನ್ನೂ ಒಂದಿದೆ. ಶರೀರದ ತಪಸ್ಸು ಎಂದು ಗೀತೆ ಕೊಡುವ ಪಟ್ಟಿಯಲ್ಲಿ ಗುರುಹಿರಿಯರ ಪೂಜೆ, ಶೌಚ, ನೇರ ನಡೆ, ಬ್ರಹ್ಮಚರ್ಯ, ಅಹಿಂಸೆ ಇವೆ. ಒಂಟಿಕಾಲಲ್ಲಿ ನಿಲ್ಲುವುದಿಲ್ಲ, ಉಪವಾಸವಿಲ್ಲ, ಓಟವಂತೂ ಇಲ್ಲವೇ ಇಲ್ಲ. ಮೈಯಿಂದ ಮಾಡುವ ತಪಸ್ಸಿಗೆ ಮೈಯ ನೋವು ಬೇಕಾಗಿಯೇ ಇಲ್ಲ.

ವಿಚಿತ್ರವೆಂದರೆ ಮ್ಯಾರಥಾನಿನ ಮೂಲಪುರುಷನಿಗೂ ನನ್ನ ಮೈದುನನಿಗಿರುವಂಥದ್ದೊಂದು ವಿಳಾಸವಿತ್ತು. ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಅವನು ಗೆಲುವಿನ ಸುದ್ದಿ ಹೇಳಿ ಕುಸಿದು ಸಾಯುತ್ತಾನೆ. ಅದು ಬಹಳ ಕಾಲದ ಮೇಲೆ ಬೆಳೆದ ಕಥೆ. ಅದಕ್ಕಿಂತ ಹಳಬನಾದ ಇತಿಹಾಸಕಾರ ಹೆರೊಡೋಟಸ್ ಹೇಳುವುದು ಬೇರೆ. ಕ್ರಿ.ಪೂ. 490ರಲ್ಲಿ ಫಿಡಿಪ್ಪಿಡೀಸ್ ಎಂಬ ಓಲೆಕಾರ ಪರ್ಷಿಯನ್ನರ ವಿರುದ್ಧ ನೆರವು ಕೇಳಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿ ಮರುದಿನವೇ ಮುಟ್ಟುತ್ತಾನೆ. ದಾರಿಯ ಬೆಟ್ಟದಲ್ಲಿ ಪ್ಯಾನ್ ಎಂಬ ದೇವರು ಅವನ ಹೆಸರು ಹಿಡಿದು ಕೂಗಿ, ನಿಮ್ಮೂರವರು ನನ್ನನ್ನೇಕೆ ಕಡೆಗಣಿಸಿದ್ದಾರೆ ಎಂದು ಕೇಳುತ್ತಾನೆ. ಯುದ್ಧ ಗೆದ್ದ ಮೇಲೆ ಅಥೆನ್ಸಿನವರು ಅವನಿಗೊಂದು ಗುಡಿ ಮಾಡಿ, ವರ್ಷವರ್ಷವೂ ಬಲಿಯನ್ನೂ ಪಂಜಿನ ಓಟವನ್ನೂ ಸಲ್ಲಿಸತೊಡಗಿದರಂತೆ. ಓಟವನ್ನೇ ಸೇವೆಯಾಗಿ ಕೊಟ್ಟರು! 1896ರಲ್ಲಿ ಒಲಿಂಪಿಕ್ಸ್ ಕಟ್ಟಿದವರು ಈ ಕಥೆಯನ್ನು ಬಿಟ್ಟು ಸಾಯುವವನ ಕಥೆಯನ್ನೇ ಆಯ್ದುಕೊಂಡರು. ದೇವರು ಸಿಗುವ ಓಟಕ್ಕಿಂತ ಸಾವು ಸಿಗುವ ಓಟ ಆ ಕಾಲಕ್ಕೆ ಹೆಚ್ಚು ರುಚಿಸಿರಬೇಕು.

ನನಗೆ ದಾರಿಯಲ್ಲಿ ಸಿಗುವುದು ವೃಷಭಾವತಿ. ಭಾನುವಾರ ಬೆಳಗಿನ ನಾಲ್ಕೂಮುಕ್ಕಾಲಿಗೆ ಹಾವನೂರು ಸರ್ಕಲ್ ಬಿಟ್ಟು, ಮಾಗಡಿ ರಸ್ತೆ ದಾಟಿ, ವಿಜಯನಗರ, ಅತ್ತಿಗುಪ್ಪೆ ಹಾದು ಮೈಸೂರು ರಸ್ತೆ ಸೇರಿದರೆ ತಲೆಯ ಮೇಲೆ ಮೆಟ್ರೊ, ಪಕ್ಕದಲ್ಲಿ ಅವಳ ವಾಸನೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದವಳೆಂದು ನಂಬುವ ನದಿಯನ್ನು ಹೀಗೆ ಮಾಡಿಟ್ಟ ಊರಿನಲ್ಲಿ ದೇವರು ಎದುರು ಬಂದು ಕೇಳುವುದಾದರೆ ಪ್ರಶ್ನೆ ಓಟದ ಬಗ್ಗೆ ಇರಲಾರದು. ಜ್ಞಾನಭಾರತಿಯ ಮರಗಳ ಕೆಳಗೆ ಪಟ್ಟಿ ಹೇಳಿದಷ್ಟು ಸುತ್ತು ಹಾಕಿ ಕೆಂಗೇರಿ ಮುಟ್ಟುತ್ತೇನೆ. ಭಾನುವಾರ ಮೆಟ್ರೊ ಶುರುವಾಗುವುದೇ ಏಳಕ್ಕೆ. ಬಾಳೆಹಣ್ಣು ತಿಂದು, ಬೆವರಿನ ಬಟ್ಟೆಯಲ್ಲೇ ಹತ್ತಿ ವಿಜಯನಗರದಲ್ಲಿ ಇಳಿಯುತ್ತೇನೆ. 2021ಕ್ಕೆ ಮುಂಚೆ ಈ ರೈಲು ಕೆಂಗೇರಿವರೆಗೆ ಬರುತ್ತಿರಲಿಲ್ಲ, ಬರದೆ ಇದ್ದಿದ್ದರೆ ನನ್ನ ತಪಸ್ಸೂ ನಾಯಂಡಹಳ್ಳಿಗೇ ಮುಗಿಯುತ್ತಿತ್ತೋ ಏನೋ.

ಓಡುವುದೇ ಧ್ಯಾನ ಎನ್ನುವವರು ನಮ್ಮ ಗುಂಪಿನಲ್ಲಿದ್ದಾರೆ. ನನಗೆ ಅನುಮಾನ. ಮೂರು ಗಂಟೆ ನನ್ನ ತಲೆಯಲ್ಲಿ ಇರುವುದು ಎಡಮಂಡಿ, ನಾಯಿಗಳು, ಮತ್ತು ಈ ಹೊತ್ತಿನಲ್ಲಿ ಹೆಂಗಸರ ಟಾಯ್ಲೆಟ್ಟಿನ ಬೀಗ ತೆಗೆದಿರುವ ಪೆಟ್ರೋಲ್ ಬಂಕ್ ಯಾವುದು ಎಂಬ ಚಿಂತೆ. ಈ ಮೂರನೆಯದು ಗಂಡಸರ ಧ್ಯಾನಕ್ಕೆ ಅಡ್ಡಿ ಮಾಡುವುದಿಲ್ಲವಾದ್ದರಿಂದ ಅವರಿಗೆ ಸಮಾಧಿ ಬೇಗ ಸಿದ್ಧಿಸುತ್ತದೋ ಏನೋ.

ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದದ್ದು. ಸ್ನಾಯುಗಳೂ ಪಿತ್ತಜನಕಾಂಗವೂ ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಸುಮಾರು 2,000 ಕ್ಯಾಲರಿಯಷ್ಟು. ಕಿಲೋಮೀಟರಿಗೆ, ಮೈತೂಕದ ಒಂದು ಕಿಲೋಗೆ ಒಂದು ಕ್ಯಾಲರಿ ಲೆಕ್ಕ ಹಾಕಿದರೆ 60 ಕಿಲೋ ತೂಕದವಳಿಗೆ 42 ಕಿಲೋಮೀಟರಿಗೆ 2,500 ಬೇಕು. ಹಾಗಾಗಿ 30 ದಾಟಿದ ಮೇಲೆ ಉಗ್ರಾಣ ಬರಿದಾಗಿ ಕಾಲು ಸೀಸವಾಗುತ್ತದೆ. ಓಟಗಾರರು ಅದನ್ನು ‘ವಾಲ್’ ಎನ್ನುತ್ತಾರೆ. ಅಲ್ಲಿ ಅಹಂಕಾರ ಕಳಚುತ್ತದೆ, ಆಮೇಲೆ ಓಡುವುದು ನೀನಲ್ಲ ಎಂದು ಅನುಭವಸ್ಥರ ಉಪದೇಶ. ಅಭ್ಯಾಸದಲ್ಲಿ ಆ ಗೋಡೆಯ ಆಚೆ ಸಾಮಾನ್ಯವಾಗಿ ಯಾರೂ ಹೆಚ್ಚು ದೂರ ಹೋಗುವುದಿಲ್ಲ. ನನ್ನ ಪಟ್ಟಿಯ ಅತ್ಯಂತ ಉದ್ದದ ಓಟ 32. ಉಳಿದ ಹತ್ತು ಆ ದಿನವೇ, ಮೊದಲ ಸಲ. ಗೀತೆಯ 17ನೆಯ ಅಧ್ಯಾಯವನ್ನು ಆರೋಪಪಟ್ಟಿ ಎಂದೆನಲ್ಲ, ಅದರ ನಿಜವಾದ ವಿಷಯ ಶ್ರದ್ಧೆ. ಮನುಷ್ಯ ಶ್ರದ್ಧೆಯಿಂದಲೇ ಆದವನು, ಅವನ ಶ್ರದ್ಧೆ ಯಾವುದೋ ಅವನೂ ಅದೇ ಎನ್ನುತ್ತದೆ. ಆ ಹತ್ತು ಕಿಲೋಮೀಟರಿಗೆ ನನ್ನಲ್ಲಿರುವ ಬಂಡವಾಳ ಅದೊಂದೇ. ದೇವರ ಹೆಸರಿಲ್ಲದ ಶ್ರದ್ಧೆಯೂ ಶ್ರದ್ಧೆಯೇ ಎಂದು ನನ್ನ ವಾದ. ಆದರೆ ಅಹಂಕಾರ ಕಳಚುವ ಮಾತನ್ನು ನಂಬಲಾರೆ. ಆ ಗೋಡೆ ದಾಟಿ ಬಂದವರು ಎಲ್ಲರಿಗಿಂತ ಹೆಚ್ಚಾಗಿ ಆ ಗೋಡೆಯ ಬಗ್ಗೆಯೇ ಮಾತಾಡುತ್ತಾರೆ.

ಇಲ್ಲಿ ನನಗೆ ಗೋರಕ್ಷ ನೆನಪಾಗುತ್ತಾನೆ. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷ ಸಾಧನೆಯಿಂದ ಮೈಯನ್ನು ವಜ್ರ ಮಾಡಿಕೊಂಡಿದ್ದಾನೆ. ಹೊಡೆದು ನೋಡು ಎಂದು ಅಲ್ಲಮನ ಕೈಗೆ ಕತ್ತಿ ಕೊಡುತ್ತಾನೆ. ಅಲ್ಲಮ ಹೊಡೆದರೆ ಮೈ ಖಣಿಲ್ಲೆಂದು ಸದ್ದು ಮಾಡುತ್ತದೆ, ಕೂದಲೂ ಕೊಂಕುವುದಿಲ್ಲ. ಈಗ ನನ್ನನ್ನು ಹೊಡಿ ಎನ್ನುತ್ತಾನೆ ಅಲ್ಲಮ. ಗೋರಕ್ಷ ಬೀಸಿದ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ತರಗತಿಯಲ್ಲಿ ಈ ಪ್ರಸಂಗ ಹೇಳುವಾಗ ಹುಡುಗರು ಯಾವಾಗಲೂ ಅಲ್ಲಮನ ಪರ. ನಾನೂ ಇಷ್ಟು ವರ್ಷ ಹಾಗೇ ಇದ್ದೆ. ಈಗ ಗೋರಕ್ಷನ ಮೇಲೆ ಕನಿಕರ ಬರುತ್ತಿದೆ. ಆ ಮೈಯನ್ನು ಕಟ್ಟಲು ಎಷ್ಟು ವರ್ಷ ನಸುಕಿನಲ್ಲಿ ಎದ್ದಿದ್ದನೋ! ಅವನ ಸೋಲು ಗಟ್ಟಿಯಾದದ್ದರಲ್ಲಿಲ್ಲ, ಸದ್ದಿನಲ್ಲಿದೆ. ಹೊಡೆಸಿಕೊಂಡು ಆ ಸದ್ದನ್ನು ಇನ್ನೊಬ್ಬರಿಗೆ ಕೇಳಿಸುವ ಆಸೆ ಅವನಿಗೆ. ನನ್ನ ಗಡಿಯಾರವೂ ಪ್ರತಿ ಕಿಲೋಮೀಟರಿಗೊಮ್ಮೆ ಕಿಣಿಕಿಣಿ ಎನ್ನುತ್ತದೆ.

ಬಯಲಾಗುವುದು ನನ್ನಂಥವಳಿಗೆ ದೂರದ ಮಾತು. ನನ್ನ ಕೈಗೆಟುಕುವ ಗುರು ಶರಣೆ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಂದಿಗೆ ಬೇಕಾದ್ದಕ್ಕಿಂತ ಹೆಚ್ಚಾಗಿರುವುದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ವಾಪಸ್ ಕಳಿಸಿದವಳು. ಮ್ಯಾರಥಾನಿನ ತರಬೇತಿಯ ಗುಟ್ಟು ಹೆಚ್ಚುಕಮ್ಮಿ ಇದೇ. ಸ್ನಾಯು ಬಲಿಯುವುದು ಓಡುವಾಗಲ್ಲ, ಓಡಿ ಹರಿದದ್ದು ಮಲಗಿದಾಗ ಕೂಡಿಕೊಳ್ಳುವುದರಿಂದ. ಆರು ಕಿಲೋಮೀಟರ್ ಎಂದಿದ್ದ ದಿನ ಕಾಲು ಚುರುಕಾಗಿದೆಯೆಂದು ಹತ್ತು ಓಡಿದರೆ, ಆ ನಾಲ್ಕು ಹೆಚ್ಚಿಗೆ ಆಯ್ದ ಅಕ್ಕಿ. ಕೊನೆಯ ಎರಡು ಮೂರು ವಾರವಂತೂ ಓಟವನ್ನು ಇಳಿಸುತ್ತ ಬರಬೇಕು, ‘ಟೇಪರ್’ ಎನ್ನುತ್ತಾರೆ. ಓಡುವುದಕ್ಕಿಂತ ಕಷ್ಟ ಅದು. ಅತಿಯಾಗಿ ತಿನ್ನುವವನಿಗೂ ತಿನ್ನದವನಿಗೂ, ಅತಿಯಾಗಿ ನಿದ್ರಿಸುವವನಿಗೂ ಎಚ್ಚರಿರುವವನಿಗೂ ಯೋಗವಿಲ್ಲ ಎಂದು ಗೀತೆಯ ಆರನೆಯ ಅಧ್ಯಾಯ ಹೇಳುವುದು ಇದಕ್ಕೆ ಹತ್ತಿರ. ರಾತ್ರಿ ಒಂಬತ್ತಕ್ಕೆ ಮಲಗಿ, ಅತ್ತೆ ಮಾಡಿದ ರಾಗಿ ಅಂಬಲಿ ಕುಡಿದು, ಪಟ್ಟಿ ಹೇಳಿದಲ್ಲಿ ನಿಂತ ದಿನ ನಾನು ಆಸುರಳಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಅಷ್ಟರಮಟ್ಟಿಗೆ ಇದು ನಿಯಮ. ತಪಸ್ಸೆನ್ನಲಾರೆ.

ಲಕ್ಕಮ್ಮನನ್ನು ಕರೆದ ಮೇಲೆ ಅವಳ ಇನ್ನೊಂದು ಪ್ರಶ್ನೆಗೂ ನಿಲ್ಲಬೇಕಲ್ಲ. ಆ ಅಕ್ಕಿ ದಾಸೋಹಕ್ಕೆ ಹೋಗುತ್ತಿತ್ತು, ನಿನ್ನ ಕಿಲೋಮೀಟರ್ ಯಾರ ಎಲೆಗೆ? ಕಾಲೇಜಿರುವ ದಿನಗಳಲ್ಲಿ ವಿಜಯನಗರದ ಕಡೆ ಓಡುವಾಗ ಕಸ ಗುಡಿಸುವ ಹೆಂಗಸರು ಸಿಗುತ್ತಾರೆ. ಅವರಲ್ಲೊಬ್ಬರು ಪೊರಕೆಗೆ ಆನಿಕೊಂಡು ಕೇಳಿದರು: “ಏನಕ್ಕಾ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?” ಜೊತೆಯವರೆಲ್ಲ ನಕ್ಕರು, ನಾನೂ ನಕ್ಕೆ. ಅವರ ಕಾಲುಗಳಿಗೆ ಪಟ್ಟಿಯಿಲ್ಲ, ಟೇಪರ್ ಇಲ್ಲ. ಅವರು ಪಡುವ ದಣಿವಿನಿಂದ ಬೀದಿ ಚೊಕ್ಕಟವಾಗುತ್ತದೆ, ನಾನು ಪಡುವ ದಣಿವಿನಿಂದ ಒಂದು ಟೀಶರ್ಟ್ ಒಗೆಯಲು ಬೀಳುತ್ತದೆ. ಶರಣರ ಲೆಕ್ಕದಲ್ಲಿ ಕಾಯಕ ಯಾವುದೆಂದು ಹೇಳಲು ಕನ್ನಡ ಎಂ.ಎ. ಬೇಕಿಲ್ಲ. ದೇಣಿಗೆ ಸಂಗ್ರಹಿಸಿ ಓಡುವವರಿದ್ದಾರೆ, ಒಳ್ಳೆಯದೇ. ಆದರೆ ನನ್ನ ಮಟ್ಟಿಗೆ ಅದು ಉತ್ತರವಲ್ಲ, ದುಡ್ಡನ್ನು ಓಡದೆಯೂ ಕೊಡಬಹುದು. ಇದರಿಂದ ಯಾರ ಎಲೆಗೂ ಏನೂ ಬೀಳುವುದಿಲ್ಲ ಎಂದು ಒಪ್ಪಿಕೊಂಡೇ ಓಡುತ್ತಿದ್ದೇನೆ. ಇಷ್ಟಪಟ್ಟು ಪಡುವ ಕಷ್ಟಕ್ಕೆ ಪುಣ್ಯದ ಹೆಸರು ಕೊಡದಿರುವುದು ಆ ಹೆಂಗಸರಿಗೆ ನಾನು ತೋರಿಸಬಹುದಾದ ಕನಿಷ್ಠ ಮರ್ಯಾದೆ.

ಬರುವ ಭಾನುವಾರ ಪಟ್ಟಿಯಲ್ಲಿ 32 ಇದೆ. ಅತ್ತೆ ತಮ್ಮ ಪಾಡಿಗೆ ನನ್ನ ಹೆಸರಿನಲ್ಲಿ ಯಾವುದೋ ಹರಕೆ ಹೊತ್ತಿರುವ ಗುಮಾನಿಯಿದೆ. ಕೇಳಿದರೆ ಮಾತು ತೇಲಿಸುತ್ತಾರೆ. ಮೈದುನ ಮುಂದಿನ ಶಿವರಾತ್ರಿಗೆ ತನ್ನ ಜೊತೆ ಧರ್ಮಸ್ಥಳಕ್ಕೆ ನಡೆದು ಬನ್ನಿ ಎಂದು ಕರೆದಿದ್ದಾನೆ. ಒಂದೇ ಷರತ್ತು, ಗಡಿಯಾರ ಮನೆಯಲ್ಲಿಟ್ಟು ಬರಬೇಕು. ನಾನಿನ್ನೂ ಹೂಂ ಅಂದಿಲ್ಲ.