ಮಡಿಲಿಗೆ ಬರಲೊಲ್ಲದ ಮಗು



ಸಂತ ಪೌಲರು ರೋಮನ್ನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನು ನಾವು ಬಲಿಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ನಾವು ದೇವರ ದತ್ತುಮಕ್ಕಳು, ಪವಿತ್ರಾತ್ಮರ ಬಲದಿಂದ ದೇವರನ್ನೇ ‘ಅಬ್ಬಾ’ ಎಂದು ಕರೆಯುವ ಹಕ್ಕು ನಮಗೆ ಬಂದಿದೆ ಎಂಬುದು ಅಲ್ಲಿನ ಮಾತು. ಕೇಳುತ್ತೇವೆ, ದೇವರಿಗೆ ವಂದನೆ ಹೇಳುತ್ತೇವೆ, ಕೂರುತ್ತೇವೆ. ಕಳೆದ ತಿಂಗಳ ಯುವಜನರ ಸಭೆಯಲ್ಲಿ ಮಾತ್ರ ಕೂತು ಬಿಡಲಾಗಲಿಲ್ಲ. ಒಬ್ಬಳು ಎದ್ದು ಕೇಳಿದಳು: “ದತ್ತು ಅಂದರೆ ಅಪ್ಪ ಅಮ್ಮನ ಕಡೆಯಿಂದ ಹೇಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ. ಮಗುವಿನ ಕಡೆಯಿಂದ ಹೇಗಿರುತ್ತೆ?” ಆ ಪ್ರಶ್ನೆ ಹಿಡಿದು ಮೂರು ಭಾನುವಾರ ನಾವು ಓದಿದೆವು, ಮಾತಾಡಿದೆವು. ಅದನ್ನೇ ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಹೊರದೇಶಕ್ಕೆ ಹೋಗಿ ಮಗುವನ್ನು ಕರೆತರುವ ಪ್ರಯಾಣದ ಬಗ್ಗೆ ಅತಿ ಹೆಚ್ಚು ಬರವಣಿಗೆ ಸಿಗುವುದು ಚೀನಾದಿಂದ ದತ್ತು ಪಡೆದವರದ್ದು. 1992ರಲ್ಲಿ ಚೀನಾದ ದತ್ತು ಕಾನೂನು ಜಾರಿಗೆ ಬಂದ ಮೇಲೆ, 2024ರಲ್ಲಿ ಆ ದೇಶ ಹೊರದೇಶದ ದತ್ತನ್ನು ನಿಲ್ಲಿಸುವವರೆಗೆ, ಅಮೆರಿಕಕ್ಕೆ ಒಂದಕ್ಕೇ 80,000ಕ್ಕೂ ಹೆಚ್ಚು ಮಕ್ಕಳು ಹೋದರು. ಬಹುಪಾಲು ಹೆಣ್ಣುಮಕ್ಕಳು. ಒಂದೇ ಮಗು ಎಂಬ ಸರ್ಕಾರಿ ನಿಯಮದ ಕಾಲ ಅದು. ಸಂತೆಯಲ್ಲಿ, ಆಸ್ಪತ್ರೆಯ ಮೆಟ್ಟಿಲಲ್ಲಿ, ಅನಾಥಾಲಯದ ಗೇಟಿನಲ್ಲಿ ಬಟ್ಟೆ ಸುತ್ತಿ ಬಿಟ್ಟುಹೋದ ಕೂಸುಗಳು ಅವು. ಹುನಾನ್ ಪ್ರಾಂತ್ಯದಲ್ಲಿ ಕೆಲವು ಅನಾಥಾಲಯಗಳಿಗೆ ಮಕ್ಕಳನ್ನು ಮಾರುತ್ತಿದ್ದ ಜಾಲ 2005ರಲ್ಲಿ ಬಯಲಾದದ್ದೂ ಇದೆ. ಆದ್ದರಿಂದ ದತ್ತನ್ನು ಬರೀ ಸಿಹಿ ಕಥೆಯಾಗಿ ಹೇಳಲು ನಮಗೆ ಮನಸ್ಸಿಲ್ಲ. ಎಲ್ಲೋ ಒಬ್ಬ ತಾಯಿ ಕಳೆದುಕೊಂಡ ಮೇಲೆಯೇ ಇನ್ನೊಬ್ಬ ತಾಯಿಯ ಕೈಗೆ ಮಗು ಬರುವುದು.

ಪ್ರಯಾಣ ಸುಮಾರು ಎರಡು ವಾರದ್ದು. ಮೊದಲು ಪ್ರಾಂತ್ಯದ ರಾಜಧಾನಿಗೆ ಹೋಗಬೇಕು. ಅಲ್ಲಿನ ಸರ್ಕಾರಿ ಕಚೇರಿಯ ಒಂದು ಕೋಣೆಗೆ ಅನಾಥಾಲಯದ ಆಯಾ ಮಗುವನ್ನು ಎತ್ತಿಕೊಂಡು ಬರುತ್ತಾಳೆ. ಕೆಲವೊಮ್ಮೆ ಗಂಟೆಗಟ್ಟಲೆ ವಾಹನದಲ್ಲಿ ಬಂದಿರುತ್ತಾರೆ. ಹೆಸರು ಕರೆಯುತ್ತಾರೆ, ಮಗುವನ್ನು ಕೈಗೆ ಕೊಡುತ್ತಾರೆ. ಒಂದು ದಿನ ಜೊತೆಗಿದ್ದು ನೋಡಿ, ಮರುದಿನ ಬಂದು ಸಹಿ ಹಾಕಿ, ಬೆರಳೊತ್ತಬೇಕು. ಆಮೇಲೆ ಅಮೆರಿಕದವರೆಲ್ಲ ವೀಸಾಕ್ಕಾಗಿ ಗ್ವಾಂಗ್‌ಝೌ ನಗರಕ್ಕೆ ಹೋಗುತ್ತಿದ್ದರು. ಅಲ್ಲಿ ಮಗುವಿಗೆ ವೈದ್ಯಕೀಯ ತಪಾಸಣೆ, ಫೋಟೋ, ಕಾಗದಪತ್ರ. ಬಹಳ ವರ್ಷ ಈ ಕುಟುಂಬಗಳು ತಂಗುತ್ತಿದ್ದುದು ಅಲ್ಲಿನ ಶಾಮ್ಯಾನ್ ಎಂಬ ಪುಟ್ಟ ದ್ವೀಪದ ವೈಟ್ ಸ್ವಾನ್ ಹೋಟೆಲಿನಲ್ಲಿ. ಅಲ್ಲಿಯ ಕೆಂಪು ಸೋಫಾದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಫೋಟೋ ತೆಗೆಯುವುದು ಒಂದು ಸಂಪ್ರದಾಯವೇ ಆಗಿತ್ತು. (ಆ ದ್ವೀಪದಲ್ಲಿ ಲೂರ್ದು ಮಾತೆಯ ಹಳೆಯ ದೇವಾಲಯವೊಂದಿದೆ ಎಂದು ಓದಿ ನಮಗೆ ಖುಷಿಯಾಯಿತು. ಎಷ್ಟು ತಾಯಂದಿರು ಅಲ್ಲಿ ಹೋಗಿ ಮಂಡಿಯೂರಿದರೋ!)

ಈಗ ಮಗುವಿನ ಕಡೆಯಿಂದ ನೋಡೋಣ. ಅವಳಿಗೆ ಒಂದೂವರೆ, ಎರಡು ವರ್ಷ. ಅವಳಿಗೆ ಗೊತ್ತಿದ್ದದ್ದು ಒಂದು ಮಂಚ, ಒಬ್ಬ ಆಯಾಳ ದನಿ, ಒಂದು ಬಗೆಯ ಸೋಪಿನ ವಾಸನೆ, ಪಕ್ಕದ ಮಂಚದ ಮಗು. ಬೆಳಿಗ್ಗೆ ಎಬ್ಬಿಸಿ ಹೊಸ ಬಟ್ಟೆ ಹಾಕಿದರು, ವಾಹನ ಹತ್ತಿಸಿದರು. ಮಧ್ಯಾಹ್ನದ ಹೊತ್ತಿಗೆ ಕಣ್ಣು, ಕೂದಲು, ಮಾತು, ಮೈವಾಸನೆ ಎಲ್ಲವೂ ಬೇರೆಯಾದ ಇಬ್ಬರು ಅವಳನ್ನು ಎತ್ತಿಕೊಂಡು ಅಳುತ್ತಿದ್ದಾರೆ. ಆಯಾ ಬಾಗಿಲು ದಾಟಿ ಹೋಗಿಬಿಟ್ಟಳು. ಅವರ ಪಾಲಿಗೆ ಅದು ವರ್ಷಗಟ್ಟಲೆ ಪ್ರಾರ್ಥಿಸಿ ಪಡೆದ ದಿನ. ಅವಳ ಪಾಲಿಗೆ ಇದ್ದದ್ದೆಲ್ಲ ಹೋದ ದಿನ.

ಕೆಲವು ಮಕ್ಕಳು ಗಂಟಲು ಕಟ್ಟುವವರೆಗೆ ಅಳುತ್ತವೆ. ಕೆಲವು ತಾಯಿಗೆ ಅಂಟಿಕೊಂಡು ತಂದೆ ಹತ್ತಿರ ಬಂದರೆ ಚೀರುತ್ತವೆ. ಅನಾಥಾಲಯದಲ್ಲಿ ಗಂಡಸರ ಮುಖವನ್ನೇ ಅವು ಹೆಚ್ಚು ನೋಡಿರುವುದಿಲ್ಲ. ಕೆಲವು ತಂದೆಯನ್ನು ಹಿಡಿದುಕೊಂಡು ತಾಯಿಯನ್ನು ತಳ್ಳುತ್ತವೆ. ಆ ತಾಯಿಯ ಎದೆ ಹೇಗಿರಬೇಕು! ಇನ್ನು ಕೆಲವು ಏನನ್ನೂ ಮಾಡುವುದಿಲ್ಲ. ಕೈಯಲ್ಲಿ ಕೊಟ್ಟ ಬಿಸ್ಕತ್ತನ್ನು ತಿನ್ನದೆ, ಬಿಡದೆ, ಮುಷ್ಟಿಯಲ್ಲಿ ಹಿಡಿದು ಗೋಡೆ ನೋಡುತ್ತ ಕೂರುತ್ತವೆ. ನೋಡಿದವರು “ಎಷ್ಟು ಒಳ್ಳೇ ಮಗು, ಅಳೋದೇ ಇಲ್ಲ” ಎನ್ನುತ್ತಾರೆ.

ಬಿಎಸ್ಸಿ ಓದಿದ ತಲೆ, ಇಲ್ಲಿ ಸ್ವಲ್ಪ ವಿಜ್ಞಾನ ಹೇಳದೆ ಇರಲಾಗದು, ಸಹಿಸಿಕೊಳ್ಳಿ. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ಎರಡೂವರೆ ವರ್ಷದೊಳಗಿನ ಒಂದು ಹೆಣ್ಣುಮಗು ಆಸ್ಪತ್ರೆಯಲ್ಲಿ ಎಂಟು ದಿನ ತಾಯಿಯಿಲ್ಲದೆ ಕಳೆದದ್ದನ್ನು ಚಿತ್ರೀಕರಿಸಿದರು. ಆ ಮಗು ಹೆಚ್ಚು ಅಳಲಿಲ್ಲ. ಬರಬರುತ್ತ ಸುಮ್ಮನಾಯಿತು. ತಾಯಿ ನೋಡಲು ಬಂದಾಗ ಮುಖ ತಿರುಗಿಸಿತು. ರಾಬರ್ಟ್‌ಸನ್ ಮತ್ತು ಜಾನ್ ಬೌಲ್ಬಿ ಸೇರಿ ಹೇಳಿದ್ದು ಇಷ್ಟು: ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ಯಾರೂ ಬೇಡ ಎಂದು ಒಳಗೆ ಬಾಗಿಲು ಹಾಕಿಕೊಳ್ಳುತ್ತದೆ. ಸುಮ್ಮನಿರುವ ಮಗುವೇ ಹೆಚ್ಚು ನೊಂದಿರಬಹುದು. ಆಯಾಳಿಗಾಗಿ ಬಿಕ್ಕಿ ಬಿಕ್ಕಿ ಅಳುವ ಮಗು, ಒಬ್ಬರನ್ನು ಪ್ರೀತಿಸಲು ಕಲಿತಿದೆ ಎಂದರ್ಥ. ಒಮ್ಮೆ ಕಲಿತದ್ದನ್ನು ಅದು ಮತ್ತೆ ಮಾಡಬಲ್ಲದು. ಆ ಅಳು ಒಳ್ಳೆಯ ಸುದ್ದಿ. ಆದರೆ ಅಳುವ ಮಗುವನ್ನು ರಾತ್ರಿಯಿಡೀ ಎತ್ತಿಕೊಂಡು ಹೋಟೆಲ್ ಕೋಣೆಯಲ್ಲಿ ತಿರುಗುವ ತಂದೆಗೆ ಇದನ್ನು ನಂಬುವುದು ಕಷ್ಟ.

ಅನುಭವವಿದ್ದವರು ಏನು ಮಾಡುತ್ತಾರೆ? ದೊಡ್ಡದೇನನ್ನೂ ಮಾಡುವುದಿಲ್ಲ. ನೆಲದ ಮೇಲೆ ಕೂರುತ್ತಾರೆ. ಮಗುವಿನ ಮುಖವನ್ನೇ ದಿಟ್ಟಿಸುವುದಿಲ್ಲ. ಪ್ಲಾಸ್ಟಿಕ್ ಲೋಟಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ, ಬೀಳಿಸುತ್ತಾರೆ, ಮತ್ತೆ ಪೇರಿಸುತ್ತಾರೆ. ಮೂರನೆಯದೋ ಮೂವತ್ತನೆಯದೋ ಸಲ ಒಂದು ಪುಟ್ಟ ಕೈ ಬಂದು ಲೋಟವನ್ನು ತಳ್ಳುತ್ತದೆ. ಅಷ್ಟೇ. ಆ ದಿನಕ್ಕೆ ಅಷ್ಟು ಸಾಕು. ಬಂದಾಗ ತೊಟ್ಟಿದ್ದ ಬಟ್ಟೆಯನ್ನು ಕೂಡಲೇ ಒಗೆಯುವುದಿಲ್ಲ, ಅದರಲ್ಲಿ ಹಳೆಯ ಮನೆಯ ವಾಸನೆ ಇದೆ. ಊಟ ತಾವೇ ತಿನ್ನಿಸುತ್ತಾರೆ, ಬೇರೆ ಯಾರಿಗೂ ಬಿಡುವುದಿಲ್ಲ. ಬೆಳಿಗ್ಗೆ ಹೋಟೆಲಿನಲ್ಲಿ ಅಕ್ಕಿ ಗಂಜಿ, ಹಬೆಯಲ್ಲಿ ಬೇಯಿಸಿದ ಮೊಟ್ಟೆ ಸಿಗುತ್ತದೆ. ಮಗುವಿಗೆ ಪರಿಚಯವಿರುವ ರುಚಿ. ಹಾಲು ಬ್ರೆಡ್ಡು ಮುಟ್ಟದ ಮಗು ಗಂಜಿಗೆ ಬಾಯಿ ತೆರೆಯುತ್ತದೆ. ಗಂಜಿಯ ಮಹಿಮೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾತಿನ ವಿಷಯವೂ ಇದೆ. ಪ್ರಯಾಣಕ್ಕೆ ಮುಂಚೆ ಈ ತಂದೆತಾಯಂದಿರು ನಾಲ್ಕಾರು ಚೀನೀ ಮಾತು ಕಲಿಯುತ್ತಿದ್ದರು. ‘ಬು ಪಾ’ ಅಂದರೆ ಹೆದರಬೇಡ. ‘ಬಾವ್ ಬಾವ್’ ಅಂದರೆ ಎತ್ತಿಕೊ. ಪುಸ್ತಕದ ಚೀನೀ ಭಾಷೆ ಒಂದಾದರೆ ಅನಾಥಾಲಯದ ಊರಿನ ಮಾತು ಇನ್ನೊಂದಿರುತ್ತಿತ್ತು, ಆ ಮಾತು ಬೇರೆ. ಆದರೂ ಕಲಿತರು. ಮನೆಯಲ್ಲಿ ಕನ್ನಡವಾಡಿ, ತಮಿಳು ಬಾಲವಾಡಿಗೆ ಹೋಗಿ, ನೀರು ಕೇಳಲು ಮಾತು ಬಾರದೆ ಕೂತ ಮಕ್ಕಳು ನಮ್ಮ ಈ ಗಡಿಯ ಊರುಗಳಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಆ ದಿನ “ಏನ್ ಮರೀ?” ಎಂದು ತೊದಲು ಕನ್ನಡದಲ್ಲಿ ಕೇಳಿದ ಟೀಚರನ್ನು ಅವರು ಮುದುಕರಾದರೂ ಮರೆಯುವುದಿಲ್ಲ.

ಪ್ರಿಯರೇ, ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರವಾದಿ ಹೊಶೇಯನ ಗ್ರಂಥದ ಹನ್ನೊಂದನೆಯ ಅಧ್ಯಾಯ ತೆರೆದು ನೋಡಿ. ಅಲ್ಲಿ ಸರ್ವೇಶ್ವರ ತಾನು ಎಫ್ರಯಿಮನಿಗೆ ನಡೆಯಲು ಕಲಿಸಿದ್ದನ್ನು, ತೋಳಿನಲ್ಲಿ ಎತ್ತಿಕೊಂಡದ್ದನ್ನು, ಬಗ್ಗಿ ಉಣಿಸಿದ್ದನ್ನು ನೆನೆಯುತ್ತಾರೆ. ಕರೆದಷ್ಟೂ ಮಗು ದೂರ ದೂರ ಹೋಯಿತು ಎಂದೂ ನೋಯುತ್ತಾರೆ. ಬಗ್ಗಿದ್ದು ಯಾರು? ಮಗುವಲ್ಲ, ದೇವರು. ನೆಲದ ಮೇಲೆ ಕೂತು ಲೋಟ ಪೇರಿಸುವ ಆ ತಂದೆಯನ್ನು ನೋಡಿದ ಮೇಲೆ ನಮಗೆ ಬೆತ್ಲೆಹೇಮಿನ ಗೋದಲಿ ಬೇರೆ ರೀತಿ ಕಾಣುತ್ತಿದೆ. ದೇವರು ನಮ್ಮ ಎತ್ತರಕ್ಕೆ ಇಳಿದು, ನಮ್ಮ ಗಂಜಿ ಉಂಡು, ನಮ್ಮ ಮಾತು ಕಲಿತು, ನಾವು ಹತ್ತಿರ ಬರುವವರೆಗೆ ಕಾದರು.

ಪೌಲರ ಕಡೆಗೆ ಮತ್ತೆ ಬರೋಣ. ಅವರ ಕಾಲದ ರೋಮಿನಲ್ಲಿ ದತ್ತು ಪಡೆಯುತ್ತಿದ್ದುದು ಬಹುತೇಕ ಬೆಳೆದ ಗಂಡುಮಕ್ಕಳನ್ನು, ಮನೆತನಕ್ಕೆ ವಾರಸುದಾರ ಬೇಕೆಂದು. ಆದ್ದರಿಂದ ಪೌಲರು ದತ್ತು ಎಂದಾಗ ಕೇಳುಗರಿಗೆ ಹಕ್ಕು, ಆಸ್ತಿ, ಹೊಸ ಹೆಸರು ನೆನಪಾಗುತ್ತಿತ್ತು. ಆದರೆ ಎಂಟನೆಯ ಅಧ್ಯಾಯದಲ್ಲಿ ಅವರು ಈ ಪದವನ್ನು ಎರಡು ಸಲ ಬಳಸುತ್ತಾರೆ ಎಂಬುದನ್ನು ನಾವು ಮೊದಲು ಗಮನಿಸಿರಲಿಲ್ಲ. ಹದಿನೈದನೆಯ ವಚನದಲ್ಲಿ ದತ್ತು ಆಗಿಹೋಗಿದೆ. ಇಪ್ಪತ್ತಮೂರನೆಯ ವಚನದಲ್ಲಿ ಅದೇ ದತ್ತಿಗಾಗಿ ನಾವು ಇನ್ನೂ ನರಳುತ್ತ ಕಾಯುತ್ತಿದ್ದೇವೆ. ಇದು ವಿರೋಧವೇ? ಆ ಪ್ರಯಾಣದ ಮಗುವನ್ನು ಕೇಳಿ. ಅಮೆರಿಕದ 2000ನೇ ಇಸವಿಯ ಕಾನೂನಿನ ಪ್ರಕಾರ, ದತ್ತು ಪೂರ್ಣವಾಗಿ ಬರುವ ಮಗು ಆ ದೇಶದೊಳಗೆ ಕಾಲಿಟ್ಟ ಕೂಡಲೇ ಅಲ್ಲಿನ ಪ್ರಜೆ. ಕಾಗದದಲ್ಲಿ ಅವಳು ಮಗಳು, ಪ್ರಜೆ, ವಾರಸುದಾರಳು. ಆದರೆ ರಾತ್ರಿ ಎಚ್ಚರವಾದಾಗ ಅವಳು ಕರೆಯುವುದು ಇನ್ನೂ ಆಯಾಳನ್ನೇ. ‘ಅಮ್ಮ’ ಎಂಬ ಮಾತು ಬಾಯಿಗೆ ಬರಲು ವಾರಗಳು ಬೇಕು, ಎದೆಗೆ ಇಳಿಯಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳೂ. ಅಷ್ಟು ದಿನ ಅವಳು ಮಗಳಲ್ಲವೇ? ಮಗಳೇ. ಜ್ಞಾನಸ್ನಾನದ ದಿನ ನಮ್ಮ ಸಹಿ ಬಿದ್ದಿದೆ. ‘ಅಬ್ಬಾ’ ಎಂಬ ಮಾತು ನಮ್ಮ ಎದೆಗೆ ಇಳಿಯುವುದು ಇನ್ನೂ ನಡೆಯುತ್ತಿದೆ. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ, ದೇವರ ಮುಖ ನೋಡಲು ಸಂಕೋಚ ಎಂದು ನಮ್ಮ ಗುಂಪಿನ ಎಷ್ಟೋ ಜನ ಹೇಳುತ್ತಾರೆ. ಬಿಸ್ಕತ್ತು ಮುಷ್ಟಿಯಲ್ಲಿ ಹಿಡಿದು ಗೋಡೆ ನೋಡುವ ಮಗುವಿನ ಮೇಲೆ ಯಾವ ತಂದೆ ಸಿಟ್ಟಾಗುತ್ತಾನೆ?

ವಿಮೋಚನಾಕಾಂಡದ ಎರಡನೆಯ ಅಧ್ಯಾಯವನ್ನೂ ಓದಿ. ಹೊರನಾಡಿನ ರಾಜಕುಮಾರಿಯೊಬ್ಬಳು ಹಿಬ್ರಿಯರ ಕೂಸನ್ನು ನೀರಿನಿಂದೆತ್ತಿದಳು. ಅಕ್ಕನ ಜಾಣತನದಿಂದ ಹೆತ್ತ ತಾಯಿಯೇ ಹಾಲೂಡಿಸಿದಳು. ಮಗು ಬೆಳೆದ ಮೇಲೆ ಅರಮನೆಗೆ ಒಪ್ಪಿಸಿದಳು. ಆ ರಾತ್ರಿ ಮೋಶೆ ಅರಮನೆಯಲ್ಲಿ ಎಷ್ಟು ಅತ್ತನೋ, ಬೈಬಲ್ ಹೇಳುವುದಿಲ್ಲ.

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹೊರದೇಶದಲ್ಲಿ ನರ್ಸ್ ಆಗಿರುವ ನಮ್ಮ ಧರ್ಮಕೇಂದ್ರದ ಒಬ್ಬ ಮಗಳು ಮತ್ತು ಅಳಿಯ, ಕೇಂದ್ರ ದತ್ತು ಪ್ರಾಧಿಕಾರದ ಮೂಲಕ ಎರಡು ವರ್ಷದ ಹೆಣ್ಣುಮಗುವೊಂದನ್ನು ಪಡೆಯುತ್ತಿದ್ದಾರೆ. ಮಗು ಇಲ್ಲಿಯವರೆಗೆ ಕೇಳಿ ಬೆಳೆದದ್ದು ಒಡಿಯಾ ಮಾತು. ನಮ್ಮ ದೇಶ 2003ರಲ್ಲಿ ಒಪ್ಪಿದ ಹೇಗ್ ಒಡಂಬಡಿಕೆಯ ಪ್ರಕಾರ ಹೊರದೇಶಕ್ಕೆ ಹೋಗುವ ಮಗುವಿಗೆ ಜಿಲ್ಲಾಧಿಕಾರಿಯ ಆದೇಶ, ಪ್ರಾಧಿಕಾರದ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ ಎಲ್ಲ ಆಗಬೇಕು. ಅಲ್ಲಿಯವರೆಗೆ ಮೂವರೂ ನಮ್ಮೂರಲ್ಲಿ, ಅಜ್ಜಿಯ ಮನೆಯಲ್ಲಿ ಇರುತ್ತಾರೆ. ಆ ಮಗುವಿನ ಪಾಲಿನ ಪ್ರಯಾಣ ಎಂದರೆ ನಾವೇ.

ನಮ್ಮ ಊರಿನ ಪ್ರೀತಿ ಕೈಗಳಲ್ಲಿದೆ. ಮಗು ಕಂಡರೆ ಎತ್ತಿಕೊಳ್ಳಬೇಕು, ಗಲ್ಲ ಹಿಂಡಬೇಕು, ಕೈಗೆ ಮಿಠಾಯಿ ಕೊಡಬೇಕು, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದೇವಾಲಯದ ಅಂಗಳವಿಡೀ ಸುತ್ತಿಸಬೇಕು. ಈ ಪ್ರೀತಿ ದೊಡ್ಡದು. ಆದರೆ ಈ ಮಗುವಿಗೆ ಈಗ ಬೇಕಾದದ್ದು ನೂರು ತೋಳುಗಳಲ್ಲ, ಎರಡು ಜೊತೆ ಮಾತ್ರ. ಯಾರು ಉಣಿಸುತ್ತಾರೋ, ಯಾರು ಎತ್ತುತ್ತಾರೋ, ಯಾರು ಬಿಟ್ಟುಹೋಗುವುದಿಲ್ಲವೋ ಅವರೇ ಅಪ್ಪ ಅಮ್ಮ ಎಂದು ಅವಳು ಕಲಿಯಬೇಕು. ಅವಳಾಗಿಯೇ ಕೈಚಾಚಿ ನಿಮ್ಮ ಬಳಿ ಬಂದರೂ, ನಗುತ್ತ “ಅಮ್ಮ ಅಲ್ಲಿದ್ದಾಳೆ ನೋಡು” ಎಂದು ತೋರಿಸಿ. ಮಿಠಾಯಿಯನ್ನು ತಾಯಿಯ ಕೈಗೆ ಕೊಡಿ. “ಸ್ವಂತ ಮಗು ಅಲ್ವಾ?”, “ಇವಳ ನಿಜವಾದ ಅಮ್ಮ ಯಾರು?” ಎಂದು ಯಾರೂ ಕೇಳಬೇಡಿ. ಅವಳಿಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಜೋಸೆಫರನ್ನು ನಜರೇತಿನವರು ಯೇಸುವಿನ ತಂದೆಯೆಂದೇ ಕರೆದರು. ನಮಗೂ ಅಷ್ಟು ಸಾಕಾಗಬೇಕು.

ಚಹಾ ತೋಟದ ಲೈನು ಮನೆಗಳಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ಜಾರ್ಖಂಡಿನ ಕುಟುಂಬಗಳ ನೆನಪೂ ಈ ಚರ್ಚೆಯಲ್ಲಿ ಬಂತು. ಅವರ ಮಕ್ಕಳಿಗೆ ನಮ್ಮ ಹಾಡು ಬಾರದು. ಅವರ ಭಾಷೆಯಲ್ಲಿ ನಮಸ್ಕಾರ ಹೇಳುವುದನ್ನು ನಮ್ಮ ಗುಂಪಿನ ಇಬ್ಬರು ಕಲಿಯಲು ಶುರುಮಾಡಿದ್ದಾರೆ.

ಮುಂದಿನ ಭಾನುವಾರದಿಂದ ಎಡಗಡೆಯ ಪಕ್ಕದ ಬಾಗಿಲಿನ ಬಳಿ ಇರುವ ಬೆಂಚನ್ನು ದಯವಿಟ್ಟು ಖಾಲಿ ಬಿಡಿ. ಮಗು ಅತ್ತರೆ ಎದ್ದು ಹೊರಗೆ ಹೋಗಿಬರಲು ಅವರಿಗೆ ಅದು ಅನುಕೂಲ. ಅತ್ತಾಗ ತಿರುಗಿ ನೋಡಬೇಡಿ. ಫಾದರ್ ಅವರಿಗೂ ಹೇಳಿದ್ದೇವೆ, ಪ್ರಬೋಧನೆ ನಿಲ್ಲಿಸುವುದಿಲ್ಲವಂತೆ.