ಅದೇ ಕೂಗು, ಬೇರೆ ಯಂತ್ರ
ಹಿಂದೆ ಕೇಳಿದ ದನಿ ಮತ್ತೆ ಕೇಳಿದಾಗ ಅದು ಅದೇ ದನಿಯೋ, ಅಂಥದ್ದೇ ಇನ್ನೊಂದೋ? ಭಾರತೀಯ ದರ್ಶನಗಳು ಇದನ್ನು ಪ್ರತ್ಯಭಿಜ್ಞೆಯ, ಅಂದರೆ ಹಿಂದೆ ಅರಿತದ್ದನ್ನು ಮತ್ತೆ ಗುರುತಿಸುವುದರ, ಪ್ರಶ್ನೆಯಾಗಿ ಚರ್ಚಿಸಿವೆ. ಸೈರನ್ನಿನ ಕೂಗಿಗೂ ಇದೇ ಪ್ರಶ್ನೆ ಹಾಕಬಹುದು. 2025ರ ಮೇ 7ರಂದು ಸಂಜೆ 4ರ ಸುಮಾರಿಗೆ ಕೊಚ್ಚಿ, ತಿರುವನಂತಪುರ ಸೇರಿ ಕೇರಳದ 14 ಜಿಲ್ಲೆಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗಾಗಿ ಸೈರನ್ ಮೊಳಗಿತು. 1971ರ ಯುದ್ಧಕಾಲದ ಸೈರನ್ ಕೇಳಿದ್ದವರಿಗೆ ಆ ಏರಿಳಿತ ಪರಿಚಿತವೇ. ಹಳೆಯ ಸೈರನ್ನಿನಲ್ಲಿ ಮೋಟಾರು ತಿರುಗಿಸುವ ಚಕ್ರ ಗಾಳಿಯನ್ನು ತುಂಡರಿಸುತ್ತದೆ. ವೇಗ ಏರಿದಂತೆ ಸ್ವರವೂ ಏರುತ್ತದೆ. ಎಲೆಕ್ಟ್ರಾನಿಕ್ ಸೈರನ್ನಿನಲ್ಲಿ ಆಂಪ್ಲಿಫೈಯರ್, ಹಾರ್ನ್‌ಗಳು ಆ ಏರಿಳಿತವನ್ನು ಅನುಕರಿಸುತ್ತವೆ.

‘ಇದು ಅದೇ ಗಕಾರ’ ಎಂಬ ಗುರುತಿನ ಬಲದಿಂದ ಮೀಮಾಂಸಕರು ಶಬ್ದ ನಿತ್ಯವೆಂದರು. ಶಬ್ದ ಹುಟ್ಟಿ ಅಳಿಯುತ್ತದೆ, ಗುರುತಾಗುವುದು ಅದರ ಜಾತಿ, ಅಂದರೆ ಅಂಥ ಶಬ್ದಗಳಿಗೆಲ್ಲ ಸಮಾನವಾದ ಗುಣ, ಎಂದರು ನೈಯಾಯಿಕರು. ಸೈರನ್ನಿನ ಮಟ್ಟಿಗೆ ನೈಯಾಯಿಕರ ಪಕ್ಷವೇ ಬಲವಾದದ್ದು: ಯಂತ್ರ ಬದಲಾದರೂ ಎದೆ ನಡುಗುವುದು ಹಿಂದಿನ ಅನುಭವ ಉಳಿಸಿಹೋದ ಸಂಸ್ಕಾರದಿಂದ.