ಅಪೂರ್ವ ವಸ್ತುಗಳ ಸಂಗ್ರಹವೂ ಪರಿಗ್ರಹಪರಿಮಾಣವ್ರತವೂ

ಪರಿಗ್ರಹಪರಿಮಾಣಾಣುವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ಮಿತಿಯನ್ನು ನಿಶ್ಚಯಿಸಿಕೊಳ್ಳುತ್ತಾನೆ. ಇವೆಲ್ಲವೂ ಬಳಕೆಗೋ ಮಾರಾಟಕ್ಕೋ ಒದಗುವ ವಸ್ತುಗಳು. ಯಾವ ಉಪಯೋಗಕ್ಕೂ ಬಾರದ, ಇತರರು ಗುಜರಿಗೆ ಹಾಕಿದ ವಸ್ತುವನ್ನು ಒಬ್ಬನು ಕೂಡಿಡುತ್ತಿದ್ದರೆ ಅದನ್ನೂ ಪರಿಗ್ರಹದ ಲೆಕ್ಕಕ್ಕೆ ಹಿಡಿಯಬೇಕೇ ಎಂಬುದು ವಿಚಾರಣೀಯವಾಗಿದೆ. ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕುಗಳನ್ನು ಸಂಗ್ರಹಿಸುವವರ ಹವ್ಯಾಸ ಇದಕ್ಕೆ ತಕ್ಕ ಉದಾಹರಣೆ.

ಅಮೆರಿಕದ ಐ.ಬಿ.ಎಂ. ಸಂಸ್ಥೆಯು 1956ರಲ್ಲಿ ಹೊರತಂದ ರಾಮಾಕ್ ಯಂತ್ರದ ಡಿಸ್ಕ್ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಒಂದು ಟನ್ನಿಗೂ ಮಿಕ್ಕ ತೂಕದ ಆ ಘಟಕವು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. 1980ರಲ್ಲಿ ಸೀಗೇಟ್ ಸಂಸ್ಥೆಯ ಎಸ್.ಟಿ.-506 ಹೆಚ್ಚುಕಡಿಮೆ ಅಷ್ಟನ್ನೇ ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆಯಲ್ಲಿ ಅಡಗಿಸಿತು. ಹೊಸದು ಬಂದೊಡನೆ ಹಳೆಯದನ್ನು ಎಸೆದರು. ಎಸೆದುದರಿಂದಲೇ ಉಳಿದವು ದುರ್ಲಭವಾದವು. ಅಮೆರಿಕ, ಯೂರೋಪುಗಳಲ್ಲಿ ಇವುಗಳನ್ನು ಅರಸಿ ಕೊಳ್ಳುವವರಿದ್ದಾರೆ.

ಇಂತಹ ಸಂಗ್ರಾಹಕನಿಗೆ ಭೋಗವೆಂಬುದು ಇಲ್ಲವೆಂದೇ ಹೇಳಬೇಕು. ಬಹುಕಾಲ ನಿಂತ ಡಿಸ್ಕಿನಲ್ಲಿ ಓದುವ ತಲೆಯು ತಟ್ಟೆಗೆ ಅಂಟಿಕೊಳ್ಳುವುದುಂಟು. ಕೆಲವದರೊಳಗಿನ ರಬ್ಬರು ಕರಗಿ ಜಿಗುಟಾಗುವುದುಂಟು. ಮುಚ್ಚಳ ತೆಗೆದರೆ ಧೂಳು ಹೊಕ್ಕು ಕೆಡುತ್ತದೆ. ಆದ್ದರಿಂದ ಅವನು ತೆರೆಯಲಾರ, ಬಳಸಲಾರ. ಆಗಾಗ ತಿರುಗಿಸಿ ಕಾಯುತ್ತಿರಬೇಕು. ದನಕರುಗಳಾದರೂ ಹಾಲು ಕೊಡುತ್ತವೆ!

ಆದರೆ ತತ್ತ್ವಾರ್ಥಸೂತ್ರಕಾರರು ಪರಿಗ್ರಹದ ಲಕ್ಷಣವನ್ನು ವಸ್ತುವಿನ ಬೆಲೆಯಲ್ಲಾಗಲಿ ಉಪಯೋಗದಲ್ಲಾಗಲಿ ಇರಿಸದೆ ಮೂರ್ಛೆಯಲ್ಲಿ, ಎಂದರೆ ಮಮತ್ವಪರಿಣಾಮದಲ್ಲಿ ಇರಿಸಿದ್ದಾರೆ. ಈ ಹವ್ಯಾಸದಲ್ಲಿ ಮಮತ್ವವು ಒಂದು ವಿಶೇಷ ರೂಪವನ್ನು ತಾಳುತ್ತದೆ. ಅಕ್ಕಿಯನ್ನು ಕೂಡಿಟ್ಟವನ ಸುಖಕ್ಕೆ ನೆರೆಯವನ ಕಣಜ ಬರಿದಾಗಿರಬೇಕೆಂದಿಲ್ಲ. ದುರ್ಲಭವಸ್ತುವನ್ನು ಕೂಡಿಟ್ಟವನ ಸುಖವಾದರೋ ಅದು ಇತರರಲ್ಲಿ ಇಲ್ಲವೆಂಬುದನ್ನೇ ಆಶ್ರಯಿಸಿದೆ. ಅಂತಹ ನೂರು ಡಿಸ್ಕುಗಳು ಯಾವುದೋ ಗೋದಾಮಿನಲ್ಲಿ ದೊರೆತವೆಂದರೆ ಅವನಿಗೆ ವಿಷಾದವಾಗುತ್ತದೆ. ಅವನ ಕಪಾಟಿನಲ್ಲಿರುವುದು ಕಿಂಚಿತ್ತೂ ಸವೆದಿರುವುದಿಲ್ಲ! ಸಮಂತಭದ್ರಾಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ವಿಸ್ಮಯವನ್ನೂ ಎಣಿಸಿದ್ದಾರೆ. ಇತರರ ಲಾಭವನ್ನು ಕಂಡು ಬೆರಗಾಗಿ ಕೊರಗುವುದೇ ಅಲ್ಲಿಯ ವಿಸ್ಮಯವೆಂದು ವ್ಯಾಖ್ಯಾನಿಸುತ್ತಾರೆ. ಉಪವಾಸದ ದಿನ ಆಹಾರವನ್ನು ತ್ಯಜಿಸಿಯೂ ಮನಸ್ಸು ಹರಾಜಿನ ಕೂಗಿನಲ್ಲೇ ಅಲೆಯುತ್ತಿದ್ದರೆ, ವಸ್ತು ಕಬ್ಬಿಣದ್ದೆಂಬ ಸಮಾಧಾನ ಸಲ್ಲದು.

ಸಂಗ್ರಾಹಕರಿಲ್ಲದಿದ್ದರೆ ಇವೆಲ್ಲ ಅಳಿದುಹೋಗುತ್ತಿದ್ದವಲ್ಲವೇ ಎಂದು ಕೇಳಬಹುದು. ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ನಗರದಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ರಾಮಾಕ್ ಘಟಕವೊಂದನ್ನು ಜೀರ್ಣೋದ್ಧಾರ ಮಾಡಿ ಪುನಃ ಓದುವ ಸ್ಥಿತಿಗೆ ತಂದರು. ಯಾರೋ ಉಳಿಸಿದ್ದರಿಂದ ಅದು ಸಾಧ್ಯವಾಯಿತು. ನಮ್ಮ ಮೂಡಬಿದಿರೆಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಯೋಲೆಗಳು ಶತಮಾನಗಳ ಕಾಲ ಭದ್ರವಾಗಿದ್ದುದರಿಂದಲೇ ಆಗಮವು ಉಳಿಯಿತು. ಆದರೆ ಬಹುಕಾಲ ಅವು ದರ್ಶನಕ್ಕೆ ದೊರೆತವೇ ಹೊರತು ಸ್ವಾಧ್ಯಾಯಕ್ಕೆ ದೊರೆಯಲಿಲ್ಲ. ಪ್ರತಿಗಳು ಹೊರಬಂದ ಮೇಲೆ, 1939ರಲ್ಲಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಟೀಕಾಸಹಿತ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾಯಿತು. ಕಾಯ್ದವರ ಪುಣ್ಯವನ್ನು ಅಲ್ಲಗಳೆಯಲಾಗದು. ಪ್ರತಿ ಮಾಡಿಕೊಟ್ಟವರು ಅದರಿಂದ ಏನನ್ನೂ ಕಳೆಯಲಿಲ್ಲವೆಂಬುದೂ ಅಷ್ಟೇ ಸತ್ಯ. ಮುನಿಗಳ ಪಿಂಛಿ, ಕಮಂಡಲು, ಶಾಸ್ತ್ರಗಳು ಉಪಕರಣಗಳೆನಿಸುವುದು ಸಂಯಮ, ಶೌಚ, ಜ್ಞಾನಗಳಿಗೆ ಸಾಧನವಾಗಿರುವುದರಿಂದ. ಹಳೆಯ ಯಂತ್ರವು ಕಲಿಯುವವರಿಗೆ ದೊರೆಯುವಷ್ಟರ ಮಟ್ಟಿಗೆ ಜ್ಞಾನಸಾಧನ. ಬೀಗದೊಳಗೆ ಒಬ್ಬನ ಹೆಮ್ಮೆಗಾಗಿ ಇದ್ದಷ್ಟು ಕಾಲ ಅದನ್ನು ವ್ರತದ ಎಣಿಕೆಗೆ ಸೇರಿಸಬೇಕಾದುದೇ.

ಇನ್ನೊಂದು ಸಂಗತಿಯನ್ನು ಸಂಗ್ರಾಹಕರು ಸಾಮಾನ್ಯವಾಗಿ ಹಗುರವಾಗಿ ಕಾಣುತ್ತಾರೆ. ಹಳೆಯ ಡಿಸ್ಕಿನೊಳಗೆ ಹಿಂದಿನ ಒಡೆಯನ ಪತ್ರಗಳು, ಲೆಕ್ಕಗಳು ಉಳಿದಿರುವುದುಂಟು. ಹಣ ಕೊಟ್ಟದ್ದು ಪೆಟ್ಟಿಗೆಗೆ. ಒಳಗಿನ ಮಾತುಗಳನ್ನು ಅವನು ಯಾರಿಗೂ ಕೊಟ್ಟಿಲ್ಲ. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಕುತೂಹಲದಿಂದ ಅವುಗಳನ್ನು ಓದುವವನು ಪರಿಗ್ರಹದ ಮಿತಿಯೊಳಗೇ ಇದ್ದು ಅಚೌರ್ಯಾಣುವ್ರತಕ್ಕೆ ಭಂಗ ತಂದುಕೊಳ್ಳುತ್ತಾನೆ. ಒಡೆಯನು ತಿಳಿದಿದ್ದರೆ ಅವನನ್ನು ಕೇಳುವುದು, ತಿಳಿಯದಿದ್ದರೆ ಓದದೆ ಅಳಿಸುವುದು, ವ್ರತಿಕನಿಗೆ ಉಳಿದಿರುವುದು ಇವೆರಡೇ ದಾರಿ.